ವೈಫೈ ಹೋಗುವುದಿಲ್ಲ ಎಂಬ ಕಂಪ್ಲೇಂಟ್

ವೈಫೈ ಬರುವುದಿಲ್ಲ ಎಂದು ಫೋನ್ ಮಾಡುವವರು ನಮಗೆ ದಿನಾ ಬೇಕಾದಷ್ಟು ಜನ ಇದ್ದಾರೆ. ವೈಫೈ ಹೋಗುವುದಿಲ್ಲ ಎಂದು ಫೋನ್ ಮಾಡಿದವರು ಇವರೊಬ್ಬರೇ.

ನಮ್ಮದು ಬಂದ್ಯೋಡಿನ ಜಂಕ್ಷನ್ನಿನಲ್ಲಿ ಮಹಡಿ ಮೇಲಿರುವ ಸಣ್ಣ ಆಫೀಸು. ಕೇಬಲ್ ಟಿವಿ ಇದ್ದ ಕಾಲದಲ್ಲೇ ಶುರುವಾದದ್ದು, ಈಗ ಫೈಬರ್ ಇಂಟರ್‌ನೆಟ್. ಲೈನ್ ಎಳೆಯುವುದು, ಮನೆಯೊಳಗೆ ಬಾಕ್ಸ್ ಕೂರಿಸುವುದು, ಹಾಳಾದರೆ ಸರಿಮಾಡುವುದು ನನ್ನ ಕೆಲಸ. ಹೆಂಗಸು ಬಂದದ್ದನ್ನು ನೋಡಿ ಮೊದಮೊದಲು ಕೆಲವರು "ಟೆಕ್ನಿಷಿಯನ್ ಹಿಂದೆ ಬರುತ್ತಿದ್ದಾರಾ?" ಎಂದು ಕೇಳುತ್ತಿದ್ದರು. ಈಗ ಯಾರೂ ಕೇಳುವುದಿಲ್ಲ.

ಆ ದಿನ ಫೋನ್ ಮಾಡಿದವರು ಹೆದ್ದಾರಿಯಿಂದ ಒಳಗೆ, ಗುಡ್ಡದ ಇಳಿಜಾರಿನಲ್ಲಿರುವ ಒಂದು ಬ್ಯಾರಿ ಮನೆಯ ಸೊಸೆ. ಹಿಂದೆ ಗಲ್ಫಿನ ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿದ್ದವರು. ರೋಗಿಯನ್ನು ಎತ್ತುವಾಗ ಸೊಂಟಕ್ಕೆ ಪೆಟ್ಟಾಗಿ ಆ ಕೆಲಸ ಬಿಡಬೇಕಾಯಿತು. ಗಂಡನ ಹಾರ್ಡ್‌ವೇರ್ ಅಂಗಡಿ ಬಂದ್ಯೋಡಿನಲ್ಲೇ ಉಂಟು. ಅವರು ಬೆಳಿಗ್ಗೆ ಹೋದರೆ ಮನೆಯಲ್ಲಿ ಇವರು ಮತ್ತು ಅತ್ತೆ. ಇವರನ್ನು ನಾನಿಲ್ಲಿ ದುಭಾಷಿ ಎಂದೇ ಕರೆಯುತ್ತೇನೆ. ಅತ್ತೆಯನ್ನು ಮನೆಯವರೆಲ್ಲ ಕರೆಯುವ ಹಾಗೆ ಉಮ್ಮ ಎಂದು. ಅವರಿಬ್ಬರೂ ಬ್ಯಾರಿ ಭಾಷೆಯಲ್ಲಿ ಮಾತಾಡುತ್ತಿದ್ದರು, ಉಮ್ಮನಿಗೆ ನಾನು ತುಳುವಿನಲ್ಲಿ ಉತ್ತರ ಕೊಡುತ್ತಿದ್ದೆ, ದುಭಾಷಿ ನನ್ನ ಹತ್ತಿರ ಕನ್ನಡದಲ್ಲಿ ಮಾತಾಡುತ್ತಿದ್ದರು. ಇಲ್ಲಿ ಎಲ್ಲವನ್ನೂ ಕನ್ನಡದಲ್ಲಿ ಬರೆದಿದ್ದೇನೆ.

"ಸಿಗ್ನಲ್ ಪೂರ್ತಿ ಬಂದ್ ಆಗಬೇಕು," ಎಂದರು ದುಭಾಷಿ. "ವಯರಿನಲ್ಲಿ ಮಾತ್ರ ಇಂಟರ್‌ನೆಟ್ ಬರಬೇಕು."

ಅವರಿಗೆ ಸಿಗಲಿದ್ದ ಹೊಸ ಕೆಲಸ ಅಂಥದ್ದು. ಭಾಷೆ ಬಾರದ ದೇಶದಲ್ಲಿ ಆಸ್ಪತ್ರೆಗೆ ಹೋದ ನಮ್ಮೂರಿನವರಿಗೂ ಅಲ್ಲಿಯ ಡಾಕ್ಟರಿಗೂ ನಡುವೆ ಫೋನಿನಲ್ಲಿ ನಿಂತು ಮಾತು ದಾಟಿಸುವುದು. ಮಲಯಾಳ, ಕನ್ನಡ, ತುಳು, ಬ್ಯಾರಿ, ಅರಬಿ, ಇಂಗ್ಲಿಷ್ ಎಲ್ಲವೂ ಅವರಿಗೆ ಬರುತ್ತಿತ್ತು. ಪರೀಕ್ಷೆಗಳೆಲ್ಲ ಪಾಸಾಗಿದ್ದವು. ಕೊನೆಯದಾಗಿ ಕಂಪನಿಯ ಅಧಿಕಾರಿಯೊಬ್ಬ ವಿಡಿಯೋದಲ್ಲಿ ಮನೆಯನ್ನು ನೋಡಲಿಕ್ಕಿತ್ತು. ರೋಗಿಯ ಗುಟ್ಟು ಗಾಳಿಯಲ್ಲಿ ಹೋಗಬಾರದು, ಹಾಗಾಗಿ ಕೆಲಸದ ಲೈನಿನಲ್ಲಿ ವೈಫೈ ಇರಕೂಡದು ಎಂಬುದು ಅವರ ನಿಯಮ. ಇದ್ದರೆ ಜಾಗ ಸರದಿಯಲ್ಲಿ ಹಿಂದೆ ನಿಂತವರಿಗೆ.

"ಮತ್ತೆ ರೋಗಿಗಳ ಹತ್ತಿರ ಹೋಗಲಿಕ್ಕೆ ನನಗೆ ಇರುವುದು ಇದೊಂದೇ ದಾರಿ," ಎಂದರು. ಮಾತನ್ನು ಅಲ್ಲಿಗೇ ನಿಲ್ಲಿಸಿ ಕೋಣೆ ತೋರಿಸಿದರು.

ನನಗೆ ಇದು ಚಾ ಆರುವುದರೊಳಗೆ ಮುಗಿಯುವ ಕೆಲಸ. ಲ್ಯಾಪ್‌ಟಾಪನ್ನು ಕೇಬಲ್‌ನಿಂದ ಬಾಕ್ಸಿಗೆ ಸೇರಿಸಿ, ಸೆಟ್ಟಿಂಗ್ ಪೇಜ್ ತೆರೆದೆ. ನಾವು ಕೊಡುವ ಬಾಕ್ಸಿನಲ್ಲಿ ಎರಡು ರೇಡಿಯೋ ಇರುತ್ತವೆ. ದೂರ ಹೋಗುವ 2.4 ಗಿಗಾಹರ್ಟ್ಸ್ ಒಂದು, ಹತ್ತಿರದಲ್ಲೇ ಜೋರಾಗಿ ಓಡುವ 5 ಗಿಗಾಹರ್ಟ್ಸ್ ಇನ್ನೊಂದು. ಒಂದನ್ನು ಆಫ್ ಮಾಡಿ ಎದ್ದುಹೋಗುವವರು ಇದ್ದಾರೆ, ಇನ್ನೊಂದು ಉರಿಯುತ್ತಲೇ ಇರುತ್ತದೆ. ನಾನು ಎರಡರ ಟಿಕ್ಕನ್ನೂ ತೆಗೆದೆ, ಸೇವ್ ಮಾಡಿದೆ. ಬಾಕ್ಸಿನ ಮೇಲಿನ ಎರಡು ಹಸಿರು ದೀಪ ಆರಿದವು. ಫೋನಿನಲ್ಲಿ ಹುಡುಕಿದರೆ ಮನೆಯ ವೈಫೈ ಹೆಸರು ಕಾಣಲಿಲ್ಲ. ದುಭಾಷಿಯ ಲ್ಯಾಪ್‌ಟಾಪಿನಲ್ಲಿ ಇಂಟರ್‌ನೆಟ್ ಚೆಂದ ಓಡುತ್ತಿತ್ತು.

"ಆಯಿತಕ್ಕ," ಎಂದೆ. ಉಮ್ಮ ತಂದಿಟ್ಟ ಚಾ ಇನ್ನೂ ಬಿಸಿಯೇ ಇತ್ತು.

ಮರುದಿನ ಬೆಳಿಗ್ಗೆ ಅವರದ್ದೇ ಫೋನ್. "ಪುನಃ ಬಂದಿದೆ."

ರಾತ್ರಿ ಮಳೆಗೆ ಕರೆಂಟ್ ಹೋಗಿ ಬಂದಿತ್ತಂತೆ. ಹೋಗಿ ನೋಡಿದರೆ ಎರಡೂ ದೀಪ ಏನೂ ಆಗದ ಹಾಗೆ ಮಿನುಗುತ್ತಿದ್ದವು. ಸೇವ್ ಆಗಲಿಲ್ಲವೋ ಏನೋ ಎಂದುಕೊಂಡು ಮತ್ತೆ ಆಫ್ ಮಾಡಿ, ಈ ಸಲ ನಾನೇ ಸ್ವಿಚ್ ಆಫ್ ಮಾಡಿ ಪುನಃ ಹಾಕಿ ಎದುರಿಗೇ ಕುಳಿತೆ. ಬಾಕ್ಸ್ ಎದ್ದಿತು, ಫೈಬರಿನ ದೀಪ ಹತ್ತಿತು, ಇಂಟರ್‌ನೆಟ್ ಬಂತು. ವೈಫೈ ದೀಪ ಮಾತ್ರ ಆರಿಯೇ ಇತ್ತು. ನೋಡಿದಿರಾ ಎಂದು ಬಾಯಿ ತೆರೆಯುವಷ್ಟರಲ್ಲಿ ಒಂದು ಹತ್ತಿತು, ಹಿಂದೆಯೇ ಇನ್ನೊಂದು.

ಅಲ್ಲಿಗೆ ನನಗೆ ವಿಷಯ ಸಿಕ್ಕಿತು. ಸೇವ್ ಆದದ್ದು ಸರಿಯೇ ಇತ್ತು. ಆದರೆ ನಮ್ಮ ಬಾಕ್ಸುಗಳು ಎದ್ದ ಕೂಡಲೇ ಆಫೀಸಿನ ಸರ್ವರಿಗೆ ಹೋಗಿ ತಮ್ಮ ಸೆಟ್ಟಿಂಗ್ ಯಾವುದು ಎಂದು ಕೇಳುತ್ತವೆ. ಗಿರಾಕಿ ಏನೇನೋ ಒತ್ತಿ ಹಾಳುಮಾಡಿಕೊಂಡರೂ ಸ್ವಿಚ್ ತೆಗೆದು ಹಾಕಿದರೆ ಸರಿಯಾಗಲಿ ಎಂದು ಮಾಡಿದ ಏರ್ಪಾಡು ಅದು. ಸರ್ವರಿನ ಪ್ರಕಾರ ಎಲ್ಲರ ಮನೆಯಲ್ಲೂ ವೈಫೈ ಇರಲೇಬೇಕು, ಒಂದು ಮನೆಗೆ ಮಾತ್ರ ಬೇರೆ ಮಾಡಲಿಕ್ಕೆ ಅದರಲ್ಲಿ ದಾರಿ ಇಲ್ಲ. ಬೇಡ ಎನ್ನುವ ಗಿರಾಕಿ ಬರುತ್ತಾರೆಂದು ಯಾರೂ ಯೋಚಿಸಿರಲಿಲ್ಲ.

ನಮ್ಮ ಧಣಿಗೆ ಫೋನ್ ಮಾಡಿದೆ. ಅವರಿಗೆ ಹೆದ್ದಾರಿ ಕೆಲಸದವರ ಜೆಸಿಬಿ ಎಲ್ಲಿ ನಮ್ಮ ಕೇಬಲ್ ಕಡಿಯುತ್ತದೋ ಎಂಬುದೇ ಆ ದಿನಗಳ ಚಿಂತೆ.

"ಅಷ್ಟಕ್ಕೆ ಎಂತ ತಲೆಬಿಸಿ ಮಾರಾಯ್ತಿ! ವೈಫೈಯ ಹೆಸರು ಅಡಗಿಸಿ ಬಿಡು. ಲಿಸ್ಟಿನಲ್ಲಿ ಕಾಣುವುದಿಲ್ಲ. ಕಾಣದಿದ್ದರೆ ಆಯಿತಲ್ಲ?"

ಅದೂ ಒಂದು ದಾರಿಯೇ. ಸರ್ವರ್ ಹೆಸರಿನ ತಂಟೆಗೆ ಹೋಗುವುದಿಲ್ಲ, ಹಾಗಾಗಿ ಅಡಗಿಸಿದ್ದು ಹಾಗೆಯೇ ಉಳಿಯುತ್ತಿತ್ತು. ನಾನು ಹೆಸರು ಅಡಗಿಸಿದೆ, ಆಮೇಲೆ ನನ್ನ ಫೋನಿನಲ್ಲಿ ಸಿಗ್ನಲ್ ಅಳೆಯುವ ಆಪ್ ತೆರೆದು ದುಭಾಷಿಗೆ ತೋರಿಸಿದೆ. ಹೆಸರಿನ ಜಾಗ ಖಾಲಿ, ಆದರೆ ಸಿಗ್ನಲ್ಲಿನ ಗೆರೆ ಪರದೆಯ ನೆತ್ತಿಯವರೆಗೆ ಎದ್ದಿತ್ತು.

"ಅಧಿಕಾರಿ ಬರೀ ಫೋನಿನ ಲಿಸ್ಟ್ ನೋಡಿದರೆ ಇದು ಗೊತ್ತಾಗುವುದಿಲ್ಲ ಅಕ್ಕ. ಧಣಿ ಹೇಳುವುದು ಹೀಗೆ ಮಾಡು ಅಂತ. ನೀವು ಹೇಳಿ."

ಅವರು ತುಂಬ ಯೋಚಿಸಲಿಲ್ಲ. "ಅಲ್ಲಿ ಒಬ್ಬ ಎದೆ ನೋಯುತ್ತದೆ ಅಂತ ಹೇಳಿದರೆ ನಾನು ಎದೆ ನೋಯುತ್ತದೆ ಅಂತಲೇ ಹೇಳಬೇಕು. ಕಮ್ಮಿ ಮಾಡಿ ಹೇಳಬಾರದು, ಜಾಸ್ತಿ ಮಾಡಿ ಹೇಳಬಾರದು. ಇದ್ದದ್ದನ್ನು ಇಲ್ಲ ಅಂತ ಹೇಳಿ ಆ ಕೆಲಸಕ್ಕೆ ಸೇರಲಿಕ್ಕೆ ನನಗೆ ಆಗುವುದಿಲ್ಲ."

ನಾನು ಹೆಸರನ್ನು ಮತ್ತೆ ತೋರುವ ಹಾಗೆ ಮಾಡಿ, ಸ್ಕೂಟರ್ ಹತ್ತಿ ಆಫೀಸಿಗೆ ಹೋದೆ.

ಇನ್ನುಳಿದದ್ದು ಒಂದೇ ಉಪಾಯ. ಆ ಬಾಕ್ಸ್ ಸರ್ವರನ್ನು ಕೇಳುವುದನ್ನೇ ನಿಲ್ಲಿಸಬೇಕು. ಅದನ್ನು ಮಾಡಲಿಕ್ಕೆ ಬೇಕಾದ ದೊಡ್ಡ ಪಾಸ್‌ವರ್ಡ್ ಧಣಿಯ ಹತ್ತಿರ ಮಾತ್ರ ಇತ್ತು, ಅದನ್ನವರು ಯಾರಿಗೂ ಕೊಟ್ಟವರಲ್ಲ.

"ಕೊಂಡಿ ಕಡಿದರೆ ಆಮೇಲೆ ಇಲ್ಲಿ ಕೂತು ಆ ಬಾಕ್ಸನ್ನು ಮುಟ್ಟಲಿಕ್ಕೆ ಆಗುವುದಿಲ್ಲ," ಎಂದರು. "ಸಣ್ಣ ತೊಂದರೆ ಆದರೂ ಜನ ಹೋಗಬೇಕು. ಆ ಗುಡ್ಡಕ್ಕೆ ಮಳೆಗಾಲದಲ್ಲಿ ಯಾರು ಹೋಗುವುದು?"

"ನಾನು ಹೋಗುತ್ತೇನೆ ಅಣ್ಣ. ಆ ಮನೆಯ ಯಾವ ಕಂಪ್ಲೇಂಟ್ ಬಂದರೂ ನನಗೇ ಕೊಡಿ. ಇನ್ನೊಬ್ಬರನ್ನು ಕಳಿಸಬೇಡಿ."

"ನಾಳೆ ಎಲ್ಲರೂ ಹೀಗೇ ಕೇಳಿದರೆ?"

"ವೈಫೈ ಬೇಡ ಅಂತ ಎಲ್ಲರೂ ಯಾಕೆ ಕೇಳುತ್ತಾರೆ?"

ಅವರಿಗೆ ನಗು ಬಂತು. ನನ್ನ ಫೋನ್ ತೆಗೆದುಕೊಂಡು ಪಾಸ್‌ವರ್ಡನ್ನು ತಾವೇ ಟೈಪ್ ಮಾಡಿ ಕೊಟ್ಟರು. "ಕೆಲಸ ಆದ ಮೇಲೆ ಅಳಿಸು," ಎಂದರು.

ಮಧ್ಯಾಹ್ನ ಹೋಗಿ ದೊಡ್ಡ ಪಾಸ್‌ವರ್ಡಿನಲ್ಲಿ ಒಳಗೆ ಹೊಕ್ಕು ಸರ್ವರಿನ ಕೊಂಡಿ ಕಡಿದೆ. ಎರಡು ರೇಡಿಯೋ ಆಫ್. ಸ್ವಿಚ್ ತೆಗೆದು ಹಾಕಿದೆ, ಕಾದೆ, ದೀಪ ಹತ್ತಲಿಲ್ಲ. ಇನ್ನೊಮ್ಮೆ ಮಾಡಿದೆ. ದುಭಾಷಿ ತಾವೇ ಒಮ್ಮೆ ಮಾಡಿದರು. ಆಪಿನಲ್ಲಿ ಹೆಸರಿಲ್ಲದ ಗೆರೆಯೂ ಇರಲಿಲ್ಲ. ಪಕ್ಕದ ಮನೆಯ ಒಂದು ಬಡಕಲು ಸಿಗ್ನಲ್ ಬಿಟ್ಟರೆ ಪರದೆ ಖಾಲಿ. ಪಾಸ್‌ವರ್ಡ್ ಅಳಿಸುವ ಮೊದಲು ಯಾಕೋ ಇನ್ನೊಂದು ದಿನ ಇರಲಿ ಅನಿಸಿತು. ಹಾಗೆ ಅನಿಸಿದ್ದು ಒಳ್ಳೆಯದಾಯಿತು.

ಯಾಕೆಂದರೆ ಮರುದಿನ ಮಧ್ಯಾಹ್ನ ಮತ್ತೆ ದುಭಾಷಿಯ ಫೋನ್. ಅಧಿಕಾರಿ ನೋಡಲಿಕ್ಕಿದ್ದದ್ದು ಅದರ ಮರುದಿನ ಬೆಳಿಗ್ಗೆ. ಅವರ ಸ್ವರದಲ್ಲಿ ಗಾಬರಿಗಿಂತ ಜಾಸ್ತಿ ಆಯಾಸ ಇತ್ತು. "ಕರೆಂಟ್ ಹೋಗಲೇ ಇಲ್ಲ. ಆದರೂ ಬಂದಿದೆ."

ನಾನು ದಾರಿಯುದ್ದಕ್ಕೂ ಯೋಚಿಸಿದೆ. ಸರ್ವರಿನ ಕೊಂಡಿ ಇಲ್ಲ, ಕರೆಂಟ್ ಹೋಗಿಲ್ಲ. ಹಾಗಾದರೆ ಯಾರೋ ಮಾಡಿರಬೇಕು. ಹೋದವಳೇ ದೊಡ್ಡ ಪಾಸ್‌ವರ್ಡ್ ಹಾಕಿ ಬಾಕ್ಸಿನ ಲಾಗ್ ತೆರೆದೆ. ಬಾಕ್ಸಿಗೆ ಏನೇನಾಯಿತೆಂದು ಅದೇ ಸಾಲುಸಾಲಾಗಿ ಬರೆದಿಡುವ ಪುಟ ಅದು. ವೈಫೈ ಆನ್ ಆದದ್ದು ಬಟನ್ ಒತ್ತಿದ್ದರಿಂದ ಎಂದು ಸ್ಪಷ್ಟವಾಗಿ ಇತ್ತು. ಬಾಕ್ಸಿನ ಪಕ್ಕದಲ್ಲಿ ಉಗುರಿನಷ್ಟು ಸಣ್ಣ ಒಂದು ಬಟನ್ ಇದೆ, ಒತ್ತಿ ಹಿಡಿದರೆ ವೈಫೈ ಆನ್ ಆಗುತ್ತದೆ, ಪುನಃ ಒತ್ತಿದರೆ ಆಫ್.

"ಈ ಬಟನ್ ಯಾರಾದರೂ ಮುಟ್ಟಿದ್ದುಂಟಾ?" ಎಂದು ಕೇಳಿದೆ.

ದುಭಾಷಿ ಇಲ್ಲವೆಂದು ತಲೆ ಆಡಿಸಿದರು. ಬಾಗಿಲಿನಲ್ಲಿ ನಿಂತಿದ್ದ ಉಮ್ಮ ಹೇಳಿದರು, "ನಾನು ಒತ್ತಿದೆ. ಎಂತ ಈಗ?"

ಸೊಸೆ ಅತ್ತೆಯ ಮುಖವನ್ನೇ ನೋಡಿದರು. ಉಮ್ಮ ಒಳಗೆ ಬಂದು ಮಂಚದ ತುದಿಯಲ್ಲಿ ಕುಳಿತರು. ತಪ್ಪು ಮಾಡಿ ಸಿಕ್ಕಿಬಿದ್ದವರ ಹಾಗೆ ಅವರು ಸ್ವಲ್ಪವೂ ಕಾಣಲಿಲ್ಲ.

"ತಂಗಿಯ ಹತ್ತಿರ ಮಾತಾಡಲಿಕ್ಕೆ."

ಉಮ್ಮನ ತಂಗಿ ಕಾಸರಗೋಡು ಪೇಟೆಯಲ್ಲಿ ಮಗಳ ಮನೆಯಲ್ಲಿದ್ದಾರೆ. ಹುಟ್ಟಿನಿಂದಲೇ ಅವರಿಗೆ ಕಿವಿ ಕೇಳುವುದಿಲ್ಲ. ಶಾಲೆಗೆ ಕಳಿಸಿದವರಿಲ್ಲ, ಕೈಸನ್ನೆ ಕಲಿಸಿದವರಿಲ್ಲ. ಚಿಕ್ಕಂದಿನಲ್ಲಿ ಅಕ್ಕತಂಗಿ ಇಬ್ಬರೇ ಕೂತು ಕೈಯಲ್ಲಿ ಒಂದು ಭಾಷೆ ಮಾಡಿಕೊಂಡಿದ್ದರು. ಅದು ಪೂರ್ತಿ ಬರುವುದು ಅವರಿಬ್ಬರಿಗೆ ಮಾತ್ರ. ತಂಗಿಯ ಮಕ್ಕಳಿಗೂ ಊಟ, ನೀರು, ಮದ್ದು, ಹೋಗು, ಬಾ ಇಷ್ಟೇ ಬರುವುದು. ದಿನದಲ್ಲಿ ಒಂದು ಸಲ ವಿಡಿಯೋದಲ್ಲಿ ಉಮ್ಮ ಸಿಕ್ಕಿದರೆ ಆಕೆಗೆ ಅದೇ ಮಾತು, ಅದು ಬಿಟ್ಟರೆ ಮೌನ.

"ಫೋನಿನ ನೆಟ್ಟಿನಲ್ಲಿ ಆಗುತ್ತದೆ ಅಂತ ಹೇಳಿದ್ದಿರಲ್ಲ ಉಮ್ಮ?" ಎಂದರು ದುಭಾಷಿ.

"ಆಗುತ್ತದೆ ಅಂತ ನೀನು ಹೇಳಿದ್ದು. ನಾನು ಸುಮ್ಮನೆ ಇದ್ದೆ." ಉಮ್ಮ ಕೈ ಎತ್ತಿ ಗಾಳಿಯಲ್ಲಿ ತಡೆದು ನಿಲ್ಲಿಸಿದರು. "ಈ ತಗ್ಗಿನಲ್ಲಿ ರೇಂಜ್ ಎಲ್ಲಿ ಉಂಟು? ಚಿತ್ರ ಹೀಗೆ ನಿಲ್ಲುತ್ತದೆ. ಕೈ ಅರ್ಧದಲ್ಲಿ ನಿಂತರೆ ಮಾತು ಬೇರೆಯೇ ಆಗುತ್ತದೆ. ಮೊನ್ನೆ ಕಾಲು ನೋವು ಕಮ್ಮಿ ಆಯಿತಾ ಅಂತ ಕೇಳಿದೆ. ಅವಳಿಗೆ ಕಾಲು ಕಡಿಯುವುದು ಅಂತ ಕಂಡಿತಂತೆ. ಅತ್ತುಬಿಟ್ಟಳು."

"ನನಗೆ ಹೇಳಬಾರದಿತ್ತಾ?"

"ಆ ಕೆಲಸಕ್ಕೆ ನೀನು ಎಷ್ಟು ಕಾದದ್ದು ಅಂತ ನನಗೆ ಗೊತ್ತಿಲ್ಲವಾ? ಹೇಳಿದರೆ ನೀನು ಕೆಲಸ ಬೇಡ ಅನ್ನುತ್ತಿದ್ದಿ. ಆ ಬಟನ್ ಮಗ ಒತ್ತುವುದನ್ನು ಕಂಡಿದ್ದೆ. ಮಾತಾಡಿ ಆದ ಮೇಲೆ ಪುನಃ ಒತ್ತಿ ಬಂದ್ ಮಾಡುವ ಅಂತ ಇತ್ತು. ಇವತ್ತು ಮರೆತುಹೋಯಿತು."

ಅತ್ತೆ ಸೊಸೆ ಇಬ್ಬರೂ ಇನ್ನೊಬ್ಬರಿಗೋಸ್ಕರ ಬಿಟ್ಟುಕೊಡಲಿಕ್ಕೆ ತಯಾರಾಗಿದ್ದಾರೆ ಎಂಬುದು ನನಗೆ ಕಾಣುತ್ತಿತ್ತು, ಅದೇ ತಾಪತ್ರಯ.

ಬಟನ್ನಿನ ಕೆಲಸ ತಪ್ಪಿಸುವುದು ನನಗೆ ಕಷ್ಟವಿರಲಿಲ್ಲ. ಸೆಟ್ಟಿಂಗಿನಲ್ಲಿ ಅದಕ್ಕೂ ಒಂದು ಟಿಕ್ ಉಂಟು. ಅದನ್ನು ತೆಗೆದು, ಸಲಾಂ ಹೇಳಿ ಹೊರಟಿದ್ದರೆ ಕಂಪ್ಲೇಂಟ್ ಮುಗಿಯಿತು ಎಂದು ಆಫೀಸಿನಲ್ಲಿ ಬರೆಯಬಹುದಿತ್ತು. ಹಾಗೆ ಹೊರಡಲಿಕ್ಕೆ ನನ್ನಿಂದಾಗಲಿಲ್ಲ. ಉಮ್ಮನ ವೈಫೈಗೆಂದು ಬೇರೆ ಲೈನ್ ಎಳೆಯೋಣವೆಂದರೆ ಮರುದಿನ ಬೆಳಿಗ್ಗೆಯೊಳಗೆ ಆಗುವ ಹಾಗಿರಲಿಲ್ಲ. ಕಂಬದಿಂದ ಆ ಮನೆಗೆ ಬರುವ ಕೇಬಲ್‌ನಲ್ಲಿ ಖಾಲಿ ಎಳೆಯೇ ಇರಲಿಲ್ಲ.

ಬಾಕ್ಸನ್ನು ತಿರುಗಿಸಿ ನೋಡಿದೆ. ಹಿಂಬದಿಯಲ್ಲಿ ಕೇಬಲ್ ಸಿಕ್ಕಿಸುವ ತೂತುಗಳು ಇನ್ನೂ ಖಾಲಿ ಇದ್ದವು. ಲ್ಯಾಪ್‌ಟಾಪಿಗೆ ವಯರಿನಲ್ಲಿ ಹೋಗುವ ಇಂಟರ್‌ನೆಟ್ ಫೋನಿಗೆ ಯಾಕೆ ಹೋಗಬಾರದು?

"ಉಮ್ಮ, ನಿಮ್ಮ ಫೋನ್ ಕೊಡಿ ನೋಡುವ."

ಚಾರ್ಜ್ ಮಾಡುವ ತೂತು ಹೊಸ ನಮೂನೆಯದ್ದು. ಅದಕ್ಕೆ ಸಿಕ್ಕಿಸಿದರೆ ಇನ್ನೊಂದು ತುದಿಯಲ್ಲಿ ಇಂಟರ್‌ನೆಟ್ ಕೇಬಲ್ ಕೂರುವ ಅಡಾಪ್ಟರ್ ಸಿಗುತ್ತದೆ ಎಂದು ನನಗೆ ಗೊತ್ತಿತ್ತು. ಆದರೆ ಯಾರಿಗೂ ಹಾಕಿಕೊಟ್ಟಿರಲಿಲ್ಲ. ಬಂದ್ಯೋಡಿನ ಮೊಬೈಲ್ ಅಂಗಡಿಗಳಲ್ಲಿ ಕೇಳಿದೆ, ಇರಲಿಲ್ಲ. ಕಾಸರಗೋಡಿನ ಬಸ್ ಹತ್ತಿದೆ. ಹೊಸ ಹೆದ್ದಾರಿಯ ಕೆಲಸದ ಕೆಂಪು ಧೂಳಿನಲ್ಲಿ ಬಸ್ ನಿಂತು ನಿಂತು ಹೋಯಿತು. ಹಳೇ ಬಸ್‌ಸ್ಟ್ಯಾಂಡಿನ ಹತ್ತಿರದ ಒಂದು ಕಂಪ್ಯೂಟರ್ ಅಂಗಡಿಯಲ್ಲಿ ಎರಡು ನಮೂನೆ ಇತ್ತು. ಒಂದರಲ್ಲಿ ಕೇಬಲ್‌ಗೆ ಮಾತ್ರ ಜಾಗ, ಇನ್ನೊಂದರಲ್ಲಿ ಪಕ್ಕದಲ್ಲೇ ಚಾರ್ಜರಿಗೂ ಜಾಗ. ವಿಡಿಯೋ ಮಾತಿಗೆ ಫೋನಿನ ಚಾರ್ಜ್ ಬೇಗ ಇಳಿಯುತ್ತದೆ, ಅಡಾಪ್ಟರ್ ಕೂಡ ಫೋನಿನಿಂದಲೇ ಕರೆಂಟ್ ಎಳೆಯುತ್ತದೆ. ಎರಡನೆಯದನ್ನೇ ತೆಗೆದುಕೊಂಡೆ. ಫೋನ್ ನಿಲ್ಲಿಸುವ ಒಂದು ಸಣ್ಣ ಸ್ಟ್ಯಾಂಡ್ ಕೂಡ.

ಹಿಂದೆ ಬರುವಾಗ ಬಿಸಿಲು ಇಳಿಯುತ್ತಿತ್ತು. ದುಭಾಷಿಯ ಕೋಣೆಯಿಂದ ಹಿಂದಿನ ಚಾವಡಿಯವರೆಗೆ ಗೋಡೆಯ ಅಂಚಿಗೆ ಕ್ಲಿಪ್ ಹೊಡೆದು ಕೇಬಲ್ ಎಳೆದೆ. ಕೆಂಪುಕಲ್ಲಿನ ಗೋಡೆ, ಮೊಳೆ ಹಿಡಿಯುವ ಜಾಗ ಹುಡುಕಿ ಹುಡುಕಿ ಹೊಡೆಯಬೇಕಾಯಿತು. ಕಿಟಕಿಯಿಂದ ಬೆಳಕು ಮುಖಕ್ಕೆ ಬೀಳುವಲ್ಲಿ ಮೇಜು ಇಟ್ಟು, ಕೇಬಲಿನ ಎರಡೂ ತುದಿಗೆ ಪ್ಲಗ್ ಒತ್ತಿ, ಅಡಾಪ್ಟರ್ ಸಿಕ್ಕಿಸಿದೆ.

ಉಮ್ಮ ಸೊಂಟಕ್ಕೆ ಕೈ ಕೊಟ್ಟು ನೋಡುತ್ತಿದ್ದರು. "ಎಂತ ಮಗಳೇ ಇದು, ಆಡು ಕಟ್ಟಿ ಹಾಕಿದ ಹಾಗೆ! ಕಿಸೆಯಲ್ಲಿ ಇಡಲಿಕ್ಕೆ ಅಂತ ಮಾಡಿದ ಫೋನಿಗೆ ಹಗ್ಗ ಕಟ್ಟಿದಿ."

"ಹಗ್ಗ ಬೇಡ ಅನಿಸಿದಾಗ ಬಿಚ್ಚಿ ಉಮ್ಮ. ತಂಗಿಯ ಹತ್ತಿರ ಮಾತಾಡುವಾಗ ಮಾತ್ರ ಕಟ್ಟಿ."

ಮೊದಲು ಏನೂ ಆಗಲಿಲ್ಲ. ಫೋನ್ ಅಡಾಪ್ಟರನ್ನು ಕಂಡದ್ದೇ ತೋರಿಸಲಿಲ್ಲ. ದುಭಾಷಿ ಫೋನ್ ಸೆಟ್ಟಿಂಗಿನಲ್ಲಿ ಹುಡುಕಿ ಹೊರಗಿನ ಸಾಧನ ಜೋಡಿಸಲಿಕ್ಕೆ ಇರುವ ಒಂದು ಆಯ್ಕೆ ಆಫ್ ಇದ್ದದ್ದನ್ನು ಕಂಡುಹಿಡಿದರು. ಅದನ್ನು ಆನ್ ಮಾಡಿದ ಕೂಡಲೇ ಪರದೆಯ ಮೇಲ್ಗಡೆ ಎರಡು ಬಾಣದ ನಡುವೆ ಚುಕ್ಕೆಗಳಿರುವ ಗುರುತು ಮೂಡಿತು. ವಯರಿನಿಂದ ಇಂಟರ್‌ನೆಟ್ ಬಂತೆಂದು ಅದರ ಅರ್ಥ. ಬಾಕ್ಸಿನ ಬಳಿಗೆ ಹೋಗಿ ಬಟನ್ನಿನ ಟಿಕ್ ತೆಗೆದೆ, ವೈಫೈ ಆಫ್ ಮಾಡಿದೆ. ಇಬ್ಬರಿಗೂ ತೋರಿಸಿಯೇ ಮಾಡಿದೆ. ಪಾಸ್‌ವರ್ಡ್ ಆಮೇಲೆ ಅಳಿಸಿದೆ.

ಮರುದಿನ ಬೆಳಿಗ್ಗೆ ಅಧಿಕಾರಿಯ ವಿಡಿಯೋ ಬರುವಾಗ ನಾನು ಅಲ್ಲಿದ್ದೆ. ಇರಲೇಬೇಕೆಂದು ದುಭಾಷಿ ಕರೆದಿದ್ದರು. ಆತ ನಯವಾಗಿ ಮಾತಾಡುವ ಮನುಷ್ಯ, ಆದರೆ ಒಂದನ್ನೂ ಬಿಡುವವನಲ್ಲ. ಬಾಕ್ಸಿನ ದೀಪ ತೋರಿಸಿ ಎಂದ, ಸೆಟ್ಟಿಂಗ್ ಪೇಜ್ ತೋರಿಸಿ ಎಂದ, ಫೋನಿನ ಲಿಸ್ಟ್ ತೋರಿಸಿ ಎಂದ. ಪಕ್ಕದ ಮನೆಯ ಬಡಕಲು ಸಿಗ್ನಲ್ ಯಾರದ್ದೆಂದು ಕೇಳಿದ. ಆಮೇಲೆ ಅವನ ಕಣ್ಣು ಗೋಡೆಯ ಅಂಚಿಗೆ ಹೋಯಿತು.

"ಕೋಣೆಯಿಂದ ಹೊರಗೆ ಹೋಗುವ ಆ ಕೇಬಲ್ ಯಾವುದು?"

ಅದನ್ನು ಕೇಳಬಹುದೆಂದು ನಾನು ಯೋಚಿಸಿರಲಿಲ್ಲ. ದುಭಾಷಿ ತಡವರಿಸಲಿಲ್ಲ. ಅತ್ತೆಯ ಫೋನಿಗೆ ಎಂದರು, ಯಾಕೆಂದೂ ಹೇಳಿದರು. ಲ್ಯಾಪ್‌ಟಾಪನ್ನು ಕೇಬಲ್ ಸಮೇತ ಬಾಗಿಲಿನವರೆಗೆ ತಂದು, ಚಾವಡಿಯ ಸ್ಟ್ಯಾಂಡಿನಲ್ಲಿದ್ದ ಫೋನನ್ನೂ ಪಕ್ಕದಲ್ಲಿ ಗಂಭೀರವಾಗಿ ಕುಳಿತಿದ್ದ ಉಮ್ಮನನ್ನೂ ತೋರಿಸಿದರು. ಆತ ಏನನ್ನೋ ಬರೆದುಕೊಂಡ.

"ಆ ಫೋನಿನ ಹಾಟ್‌ಸ್ಪಾಟ್ ಆಫ್ ಇರಬೇಕು, ಯಾವಾಗಲೂ," ಎಂದ ಕೊನೆಗೆ. "ಅದನ್ನೊಮ್ಮೆ ತೋರಿಸಿ. ಆಮೇಲೆ ಬಾಕ್ಸನ್ನು ನನ್ನೆದುರಿಗೇ ಆಫ್ ಮಾಡಿ ಆನ್ ಮಾಡಿ. ನಾನು ಫೋನಿನ ನೆಟ್ಟಿನಲ್ಲಿ ಕಾಯುತ್ತೇನೆ."

ಹಾಟ್‌ಸ್ಪಾಟ್ ಆಫ್ ಇತ್ತು. ದುಭಾಷಿ ವಿಡಿಯೋವನ್ನು ಫೋನಿಗೆ ಬದಲಿಸಿ ರೇಂಜ್ ಸಿಗುವ ಕಿಟಕಿಯ ಬಳಿ ನಿಂತು ಬಾಕ್ಸಿನತ್ತ ಹಿಡಿದರು. ನಾನು ಸ್ವಿಚ್ ತೆಗೆದು ಹಾಕಿದೆ. ಬಾಕ್ಸ್ ಎದ್ದಿತು, ಫೈಬರಿನ ದೀಪ ಹತ್ತಿತು, ಇಂಟರ್‌ನೆಟ್ಟಿನದ್ದು ಹತ್ತಿತು. ಹಿಂದೆ ವೈಫೈ ತಿರುಗಿ ಹತ್ತಿದ್ದ ಹೊತ್ತು ದಾಟಿತು. ಮತ್ತೂ ಕಾದೆವು. ಚಾವಡಿಯಲ್ಲಿ ಉಮ್ಮ ಬಾಯೊಳಗೇ ಏನೋ ಪ್ರಾರ್ಥನೆ ಓದಿಕೊಳ್ಳುತ್ತಿದ್ದರು. ಆ ಎರಡು ದೀಪ ಆರಿಯೇ ಇದ್ದವು.

"ಸರಿ," ಎಂದ ಅಧಿಕಾರಿ. "ಇವತ್ತಿನಿಂದಲೇ ಲಾಗಿನ್ ಆಗಬಹುದು."

ದುಭಾಷಿ ಫೋನ್ ಇಟ್ಟು ಕುರ್ಚಿಯಲ್ಲಿ ಕುಳಿತರು. ಅಳುತ್ತಾರೋ ಎಂದುಕೊಂಡೆ, ಇಲ್ಲ. ಕೂದಲು ಮುಚ್ಚಿದ ಶಾಲನ್ನು ಸರಿಮಾಡಿಕೊಂಡು ಹೆಡ್‌ಫೋನ್ ಹಾಕಿದರು. ನಾನಿನ್ನೂ ಬ್ಯಾಗಿಗೆ ಸಾಮಾನು ತುಂಬುತ್ತಿರುವಾಗಲೇ ಮೊದಲ ಕರೆ ಬಂತು. ಅವರು ನನ್ನತ್ತ ನೋಡಿದರು. ನಾನು ಹೊರಗೆ ಬಂದೆ, ಬಾಗಿಲು ಎಳೆದುಕೊಂಡೆ. ಒಳಗೆ ಯಾರಿಗೆ ಯಾವ ಕಾಯಿಲೆಯೋ ನನಗೆ ಗೊತ್ತಿಲ್ಲ, ಗೊತ್ತಾಗಲೂಬಾರದು.

ಚಾವಡಿಯಲ್ಲಿ ಉಮ್ಮನ ಮಾತು ಶುರುವಾಗಿತ್ತು. ಇಷ್ಟು ಸಮಯ ಅವರು ಒಂದು ಕೈಯಲ್ಲಿ ಫೋನ್ ಹಿಡಿದು ಇನ್ನೊಂದು ಕೈಯಲ್ಲಿ ಮಾತ್ರ ಮಾತಾಡುತ್ತಿದ್ದರಂತೆ. ಈಗ ಫೋನ್ ಸ್ಟ್ಯಾಂಡಿನಲ್ಲಿ, ಎರಡೂ ಕೈ ಖಾಲಿ. ಬೆರಳು, ಮಣಿಕಟ್ಟು, ಮೊಣಕೈ ಎಲ್ಲವೂ ಓಡುತ್ತಿದ್ದವು. ಪರದೆಯಲ್ಲಿ ಆ ತಂಗಿ ಬಾಯಿ ತೆರೆದು ನೋಡುತ್ತಿದ್ದರು, ಆಮೇಲೆ ಅವರೂ ತಮ್ಮ ಫೋನನ್ನು ಯಾವುದಕ್ಕೋ ಒರಗಿಸಿ ಎರಡು ಕೈ ಎತ್ತಿದರು. ನಾನು ನೋಡುತ್ತಾ ನಿಂತೆ. ಒಂದಕ್ಷರ ಅರ್ಥವಾಗಲಿಲ್ಲ, ಆದರೆ ಅವರು ಬಹಳ ದಿನದಿಂದ ಉಳಿದ ಮಾತನ್ನೆಲ್ಲ ಆಡುತ್ತಿದ್ದಾರೆ ಎಂದು ಗೊತ್ತಾಗುತ್ತಿತ್ತು.

ತಂಗಿ ನನ್ನತ್ತ ಬೆರಳು ತೋರಿಸಿ ಏನೋ ಕೇಳಿದರು. ಉಮ್ಮ ತಿರುಗಿ ನನ್ನನ್ನು ನೋಡಿ, ಎಡಗೈಯ ಹೆಬ್ಬೆರಳು ಮೊಣಕೈಗಳ ಸುತ್ತ ಬಲಗೈಯಿಂದ ಸರಸರನೆ ವಯರ್ ಸುತ್ತುವ ಹಾಗೆ ಮಾಡಿದರು.

"ಎಂತ ಹೇಳಿದ್ದು ಉಮ್ಮ?"

"ಅದು ನಿನ್ನ ಹೆಸರು," ಎಂದರು. "ಈಗ ಇಟ್ಟದ್ದು."

ನಾನು ಬ್ಯಾಗನ್ನು ನೆಲಕ್ಕಿಟ್ಟು, ಪರದೆಯ ಎದುರು ನಿಂತು, ಅವರು ಮಾಡಿದ ಹಾಗೆಯೇ ಗಾಳಿಯಲ್ಲಿ ವಯರ್ ಸುತ್ತಿ ನನ್ನ ಹೆಸರು ಹೇಳಿದೆ. ಸ್ವಲ್ಪ ತಪ್ಪಾಯಿತೆಂದು ಕಾಣುತ್ತದೆ. ತಂಗಿ ನಕ್ಕರು, ಕೈ ಎತ್ತಿ ನಿಧಾನವಾಗಿ ಇನ್ನೊಮ್ಮೆ ಸುತ್ತಿ ತೋರಿಸಿದರು.